ಕಾಲಿನ ಹೆಬ್ಬೆರಳಿನ ಬಾಗಿದ ಉಗುರಿಗೆ ಕೊಯ್ಯದೆ ಮಾಡುವ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲಿನ ಹೆಬ್ಬೆರಳಿನ ಉಗುರು ಎರಡೂ ಅಂಚುಗಳಲ್ಲಿ ಒಳಕ್ಕೆ ಬಾಗಿ ಮಾಂಸವನ್ನು ಒತ್ತುವ ತೊಂದರೆಯನ್ನು ಬಹಳ ಜನ ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಉಗುರಿಗೆಲ್ಲ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎಂಬ ಸಂಕೋಚ ಒಂದು ಕಡೆ, ಹೋದರೆ ಉಗುರನ್ನೇ ಕಿತ್ತುಹಾಕುತ್ತಾರೆ ಎಂಬ ಭಯ ಇನ್ನೊಂದು ಕಡೆ. ನನ್ನ ತಾಯಿಯೂ ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡು, ರಾತ್ರಿ ಹೊದಿಕೆ ತಾಗದಂತೆ ಪಾದವನ್ನು ಹೊರಗಿಟ್ಟು ಮಲಗಿ, ಹೀಗೆಯೇ ಅನೇಕ ವರ್ಷ ಕಳೆದರು. ಅವರಿಗಾಗಿ ಓದುತ್ತ, ವೈದ್ಯರನ್ನು ಕೇಳುತ್ತ ಹೋದಾಗ ತಿಳಿದದ್ದನ್ನು, ಅದೇ ಪ್ರಶ್ನೆಗಳನ್ನು ಹೊತ್ತಿರುವ ಇತರರಿಗಾಗಿ ಇಲ್ಲಿ ಬರೆದಿದ್ದೇನೆ. ನಾನು ವೈದ್ಯನಲ್ಲ. ನಿಮ್ಮ ಬೆರಳನ್ನು ಕಣ್ಣಾರೆ ನೋಡಿದ ವೈದ್ಯರ ಮಾತಿಗೆ ಈ ಪುಟ ಬದಲಿಯಾಗಲಾರದು.

ಬಾಗಿದ ಉಗುರು ಮತ್ತು ಮಾಂಸದೊಳಕ್ಕೆ ಬೆಳೆದ ಉಗುರು ಎರಡೂ ಒಂದೆಯೇ?

ಅಲ್ಲ, ಆದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಮಾಂಸದೊಳಕ್ಕೆ ಬೆಳೆದ ಉಗುರಿನಲ್ಲಿ ಉಗುರು ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಇರಬಹುದು; ಅದರ ಒಂದು ಮೂಲೆ, ಹೆಚ್ಚಾಗಿ ತಪ್ಪಾಗಿ ಕತ್ತರಿಸಿದ ಮೂಲೆ, ಮುಳ್ಳಿನಂತೆ ಪಕ್ಕದ ಚರ್ಮವನ್ನು ಚುಚ್ಚಿ ಗಾಯ ಮಾಡಿರುತ್ತದೆ. ಹದಿಹರೆಯದವರಲ್ಲಿ ಮತ್ತು ಯುವಕರಲ್ಲಿ ಇದು ಹೆಚ್ಚು. ಬಾಗಿದ ಉಗುರಿನಲ್ಲಿ ಇಡೀ ಉಗುರೇ ಅಡ್ಡಲಾಗಿ ಸುರುಳಿಗೊಳ್ಳುತ್ತದೆ, ಬುಡದಲ್ಲಿ ಅಗಲವಾಗಿದ್ದು ತುದಿಯ ಕಡೆಗೆ ಹೋದಂತೆ ಕಿರಿದಾಗುತ್ತದೆ, ಎರಡು ಅಂಚುಗಳೂ ಕೆಳಗಿನ ಮೃದು ಮಾಂಸವನ್ನು ಇಕ್ಕಳದಂತೆ ಹಿಡಿಯುತ್ತವೆ. ನಡುವಯಸ್ಸು ದಾಟಿದವರಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ವೈದ್ಯರು ಇದರಲ್ಲಿ ಮೂರು ಆಕಾರಗಳನ್ನು ಗುರುತಿಸುತ್ತಾರೆ: ತುದಿಯಲ್ಲಿ ಅಂಚುಗಳು ಒಂದನ್ನೊಂದು ಮುಟ್ಟುವಷ್ಟು ಸುತ್ತಿಕೊಂಡ ಕಹಳೆಯಂಥದು, ಉದ್ದಕ್ಕೂ ಒಂದೇ ಸಮನಾಗಿ ಬಾಗಿದ ನಾಡಹೆಂಚಿನಂಥದು, ನಡುಭಾಗ ಚಪ್ಪಟೆಯಾಗಿದ್ದು ಅಂಚು ಮಾತ್ರ ಥಟ್ಟನೆ ಮಡಚಿಕೊಂಡದ್ದು.

ನಮ್ಮಲ್ಲಿ ಉಗುರುಸುತ್ತು ಎಂದು ಕರೆಯುವುದು ಮತ್ತೊಂದು ತೊಂದರೆ. ಅದು ಉಗುರಿನ ಸುತ್ತಲಿನ ಚರ್ಮದ ಸೋಂಕು. ಬಾಗಿದ ಉಗುರು ಇಲ್ಲದವರಿಗೂ, ಕೈಬೆರಳಿಗೂ ಬರುತ್ತದೆ. ಎಲ್ಲವನ್ನೂ ಉಗುರುಸುತ್ತು ಎಂದು ಕರೆದು ಒಂದೇ ಮದ್ದು ಹಚ್ಚುವುದರಿಂದ ನಿಜವಾದ ಕಾರಣ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಉಗುರು ಹೀಗೆ ಬಾಗಲು ಕಾರಣವೇನು?

ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಬರುತ್ತದೆ. ಆಗ ಸಾಮಾನ್ಯವಾಗಿ ಎರಡೂ ಪಾದಗಳ ಉಗುರುಗಳು ಒಂದೇ ರೀತಿ ಬಾಗಿರುತ್ತವೆ. ನಡುವೆ ಬಂದದ್ದಾದರೆ ಬೆರಳುಗಳನ್ನು ಒತ್ತುವ ಚೂಪು ಮೂತಿಯ ಶೂ, ಬೆರಳಿನ ತುದಿಗಂಟಿನ ಸವೆತ, ಹಳೆಯ ಪೆಟ್ಟು, ಉಗುರಿನ ಫಂಗಸ್, ಸೋರಿಯಾಸಿಸ್ ಎಂಬ ಚರ್ಮರೋಗ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಉಗುರಿನ ಕೆಳಗೆ ಮೂಳೆಯ ಸಣ್ಣ ಗಂಟು ಬೆಳೆದು ಉಗುರನ್ನು ಎತ್ತಿ ಬಾಗಿಸುವುದೂ ಉಂಟು. ಒಂದೇ ಬೆರಳಿನ ಉಗುರು ಮಾತ್ರ ಬಾಗುತ್ತ ಬಂದಿದ್ದರೆ ವೈದ್ಯರು ಎಕ್ಸ್‌ರೇ ತೆಗೆಸಲು ಹೇಳುವುದು ಇದಕ್ಕಾಗಿಯೇ. ರಕ್ತದೊತ್ತಡಕ್ಕೆ ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧಿಗಳಿಂದ ಉಗುರು ಬಾಗಿದ ವಿರಳ ವರದಿಗಳಿವೆ. ಹಾಗೆಂದು ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಉಗುರಿನ ನೋವಿಗಿಂತ ಎಷ್ಟೋ ಪಾಲು ಅಪಾಯಕಾರಿ.

ನಡೆದಾಡದೆ ಹಾಸಿಗೆಯಲ್ಲೇ ಇರುವ ಹಿರಿಯರ ಉಗುರು ಕೂಡ ಬಾಗುತ್ತದೆಯಲ್ಲ, ಅವರು ಶೂ ಹಾಕುವುದೇ ಇಲ್ಲವಲ್ಲ?

ಈ ಪ್ರಶ್ನೆ ನನ್ನನ್ನೂ ಬಹಳ ಕಾಲ ಕಾಡಿತ್ತು. ಉಗುರಿಗೆ ಅಡ್ಡಲಾಗಿ ಬಾಗುವ ಸ್ವಭಾವ ಸಹಜವಾಗಿಯೇ ಇದೆ. ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ನೆಲವು ಹೆಬ್ಬೆರಳಿನ ಮೆತ್ತನೆಯ ತಳವನ್ನು ಮೇಲಕ್ಕೆ ಒತ್ತುತ್ತದೆ, ಆ ಒತ್ತಡ ಉಗುರನ್ನು ಕೆಳಗಿನಿಂದ ಚಪ್ಪಟೆಯಾಗಿಸುತ್ತ ಇರುತ್ತದೆ. ಹಾಸಿಗೆ ಹಿಡಿದವರ ಉಗುರುಗಳನ್ನು ನಡೆದಾಡುವವರ ಉಗುರುಗಳೊಂದಿಗೆ ಹೋಲಿಸಿ ಅಳೆದ ಜಪಾನಿನ ವೈದ್ಯರು, ಮಲಗಿದ್ದವರ ಉಗುರು ಹೆಚ್ಚು ಬಾಗಿರುವುದನ್ನು ಕಂಡು ಈ ವಿವರಣೆಯನ್ನು ಮುಂದಿಟ್ಟಿದ್ದಾರೆ. ಹೆಬ್ಬೆರಳು ನೆಲಕ್ಕೆ ಸರಿಯಾಗಿ ಊರದಂತೆ ನಡೆಯುವವರಲ್ಲಿಯೂ, ನೋವಿಗೆ ಹೆದರಿ ಬೆರಳನ್ನು ಎತ್ತಿಕೊಂಡೇ ನಡೆಯುವವರಲ್ಲಿಯೂ ಇದೇ ಆಗುತ್ತದೆ ಎಂದು ಅವರ ವಾದ. ಉಗುರು ನೋಯುತ್ತದೆಂದು ಬೆರಳನ್ನು ಊರುವುದಿಲ್ಲ, ಊರದಿದ್ದರೆ ಉಗುರು ಮತ್ತಷ್ಟು ಬಾಗುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕಾಗುತ್ತದೆ.

ನೋಯುವ ಮೂಲೆಯನ್ನು ಆಳವಾಗಿ ಕತ್ತರಿಸಿದರೆ ತಕ್ಷಣ ಹಾಯೆನಿಸುತ್ತದೆ. ಅದರಲ್ಲಿ ತಪ್ಪೇನು?

ಹಾಯೆನಿಸುವುದು ನಿಜ, ಆದರೆ ಅದು ಕೆಲವೇ ವಾರಗಳ ಮಾತು. ಮೂಲೆ ಹೋದ ಜಾಗದಲ್ಲಿ ಪಕ್ಕದ ಮಾಂಸ ಉಬ್ಬಿ ದಾರಿಯನ್ನು ಮುಚ್ಚುತ್ತದೆ, ಮತ್ತೆ ಬೆಳೆದು ಬರುವ ಉಗುರಿಗೆ ಮಾಂಸವನ್ನು ಚುಚ್ಚಿಕೊಂಡು ಮುಂದೆ ಸಾಗದೆ ಬೇರೆ ದಾರಿ ಇರುವುದಿಲ್ಲ. ಕತ್ತರಿ ತಲುಪದ ಆಳದಲ್ಲಿ ಮುಳ್ಳಿನಂಥ ಒಂದು ಚೂರು ಉಳಿದುಬಿಟ್ಟರಂತೂ ಮೊದಲಿಗಿಂತ ಹೆಚ್ಚು ನೋವು ಕೊಡುತ್ತದೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಆಳಕ್ಕೆ ಕತ್ತರಿಸಬೇಕಾಗಿ ಬರುವುದನ್ನು ಇದರಿಂದ ನರಳಿದವರೆಲ್ಲ ಬಲ್ಲರು. ಉಗುರಿನ ನಡುವೆ ಇಂಗ್ಲಿಷಿನ ವಿ ಅಕ್ಷರದಂತೆ ಕಚ್ಚು ಮಾಡಿದರೆ ಅಂಚುಗಳು ನಡುವಿಗೆ ಎಳೆದುಕೊಳ್ಳುತ್ತವೆ ಎಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಮಾಡಿದ ಕಚ್ಚು ಬುಡಕ್ಕೆ ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ.

ಉಗುರಿನ ಬ್ರೇಸ್ ಎಂದರೇನು? ಅದು ಹೇಗೆ ಕೆಲಸ ಮಾಡುತ್ತದೆ?

ಹಲ್ಲಿಗೆ ಕ್ಲಿಪ್ ಹಾಕಿಸುವುದನ್ನು ನೆನಪಿಸಿಕೊಂಡರೆ ಅರ್ಥ ಸುಲಭವಾಗುತ್ತದೆ. ಸ್ಪ್ರಿಂಗಿನ ಗುಣವುಳ್ಳ ಸಣ್ಣ ತಂತಿಯನ್ನೋ ಪಟ್ಟಿಯನ್ನೋ ಉಗುರಿನ ಮೇಲೆ ಅಡ್ಡಲಾಗಿ ಕೂರಿಸುತ್ತಾರೆ. ಬಾಗಿಸಲ್ಪಟ್ಟ ಆ ತಂತಿ ತನ್ನ ನೇರ ಆಕಾರಕ್ಕೆ ಮರಳಲು ಯತ್ನಿಸುತ್ತದೆ, ಮರಳುವಾಗ ಉಗುರಿನ ಎರಡು ಅಂಚುಗಳನ್ನೂ ಎಡೆಬಿಡದೆ, ಆದರೆ ಬಹಳ ಮೆಲ್ಲಗೆ, ಮೇಲಕ್ಕೆತ್ತುತ್ತದೆ. ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನೀರನ್ನು ಹೀರಿದಾಗ ಮೆತ್ತಗಾಗುವ, ಸತತವಾಗಿ ಎಳೆದರೆ ನಿಧಾನವಾಗಿ ಮಣಿಯುವ ಗುಣ ಅದಕ್ಕಿದೆ. ಅಂಚು ಕೂದಲೆಳೆಯಷ್ಟು ಮೇಲಕ್ಕೆದ್ದರೂ ಕೆಳಗಿನ ಮಾಂಸದ ಮೇಲಿನ ಒತ್ತಡ ಇಳಿಯುತ್ತದೆ, ಆದ್ದರಿಂದಲೇ ಆಕಾರ ಸರಿಹೋಗುವುದಕ್ಕಿಂತ ಬಹಳ ಮೊದಲೇ ನೋವು ಕಡಿಮೆಯಾಗುತ್ತದೆ.

ಈ ವಿಧಾನ ಹೊಸದಲ್ಲ. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ಪಾದತಜ್ಞ ರಾಸ್ ಫ್ರೇಸರ್ ಅವರು ಪ್ರತಿಯೊಬ್ಬರ ಉಗುರಿನ ಅಚ್ಚು ತೆಗೆದು ಅದಕ್ಕೆ ತಕ್ಕಂತೆ ಉಕ್ಕಿನ ತಂತಿಯನ್ನು ಬಾಗಿಸಿ ಕೊಕ್ಕೆ ಮಾಡುವ ಪದ್ಧತಿಯನ್ನು ರೂಢಿಗೆ ತಂದರು. ಜರ್ಮನಿಯಲ್ಲಿ ಎಲ್ವಿರಾ ಓಸ್ಟ್‌ಹೋಲ್ಡ್ ಅವರ ಪದ್ಧತಿಯಲ್ಲಿ ಎರಡು ಅಂಚುಗಳಿಗೆ ಎರಡು ಸಣ್ಣ ತಂತಿಯ ಕೊಕ್ಕೆಗಳನ್ನು ಸಿಕ್ಕಿಸಿ, ನಡುವೆ ಒಂದು ತಂತಿಯ ಕುಣಿಕೆಯಿಂದ ಅವನ್ನು ಬಿಗಿಯುತ್ತಾರೆ. ಕೊಕ್ಕೆಯೇ ಇಲ್ಲದೆ, ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿಯನ್ನು ಅಂಟಿನಿಂದ ಉಗುರಿನ ಮೇಲೆ ಕೂರಿಸುವ ವಿಧಾನವೂ ಇದೆ. ಅಂಚಿನ ಮಾಂಸ ಮುಟ್ಟಲಾರದಷ್ಟು ನೋಯುತ್ತಿರುವವರಿಗೆ ಇದು ಅನುಕೂಲ, ಆದರೆ ಬಹಳ ದಪ್ಪವಾದ ಉಗುರನ್ನು ಎತ್ತುವಷ್ಟು ಬಲ ಇದಕ್ಕೆ ಇರುವುದಿಲ್ಲ.

ಜಪಾನಿನಲ್ಲಿ ಈ ತೊಂದರೆಗೆ ಮಾಕಿಜುಮೆ, ಅಂದರೆ ಸುತ್ತಿಕೊಂಡ ಉಗುರು, ಎಂದು ಮನೆಮಾತಿನ ಹೆಸರೇ ಇದೆ. ಅಲ್ಲಿ ಉಗುರಿನ ತುದಿಯ ಬಿಳಿಭಾಗದಲ್ಲಿ ಎರಡು ಸಣ್ಣ ರಂಧ್ರ ಕೊರೆದು ನಿಕ್ಕಲ್ ಮತ್ತು ಟೈಟೇನಿಯಂ ಮಿಶ್ರಲೋಹದ ತಂತಿಯನ್ನು ತೂರಿಸುವ ಕ್ರಮ ಬಹಳ ಪ್ರಚಾರದಲ್ಲಿದೆ. ನಿಟಿನಾಲ್ ಎಂಬ ಈ ಲೋಹಕ್ಕೆ ಅದರ ಎರಡು ಧಾತುಗಳ ಮತ್ತು ಅದು ರೂಪುಗೊಂಡ ಅಮೆರಿಕದ ನೌಕಾ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಹೆಸರಿಟ್ಟರು. ಸಾಕಷ್ಟು ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವುದು ಇದರ ವಿಶೇಷ; ಹಲ್ಲಿನ ಕ್ಲಿಪ್ಪಿನ ತಂತಿಯಲ್ಲೂ ರಕ್ತನಾಳಗಳಿಗೆ ಹಾಕುವ ಕೆಲವು ಸ್ಟೆಂಟುಗಳಲ್ಲೂ ಇದೇ ಗುಣವನ್ನು ಬಳಸಿಕೊಂಡಿದ್ದಾರೆ. ರಂಧ್ರ ಕೊರೆಯಲು ಉಗುರು ಬೆರಳಿನಿಂದ ಒಂದೆರಡು ಮಿಲಿಮೀಟರ್ ಹೊರಕ್ಕೆ ಬೆಳೆದಿರಬೇಕು. ಆದ್ದರಿಂದ ಉಗುರನ್ನು ಚರ್ಮದವರೆಗೂ ಕತ್ತರಿಸಿಕೊಂಡು ಹೋದವರಿಗೆ, ಬೆಳೆಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸುತ್ತಾರೆ.

ಬ್ರೇಸ್ ಹಾಕುವಾಗ ನೋವಾಗುತ್ತದೆಯೇ?

ಉಗುರಿಗೆ ನರಗಳಿಲ್ಲದ ಕಾರಣ ರಂಧ್ರ ಕೊರೆಯುವುದಾಗಲಿ ಅಂಟಿಸುವುದಾಗಲಿ ನೋಯುವುದಿಲ್ಲ, ಮರಗಟ್ಟಿಸುವ ಚುಚ್ಚುಮದ್ದೂ ಬೇಕಾಗುವುದಿಲ್ಲ. ಕೊಕ್ಕೆಯನ್ನು ಅಂಚಿನ ಕೆಳಗೆ ಸಿಕ್ಕಿಸುವಾಗ ಮಾತ್ರ ಕ್ಷಣಕಾಲ ಚುಚ್ಚಿದಂತಾಗಬಹುದು. ಮೊದಲ ಒಂದೆರಡು ದಿನ ಬೆರಳು ಬಿಗಿದಂತೆ ಅನಿಸುವುದು ಸಹಜ, ಆದರೆ ಮಿಡಿಯುವ ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ ತಂತಿಯ ಬಿಗಿ ಜಾಸ್ತಿಯಾಗಿರಬಹುದು. ಸಹಿಸಿಕೊಳ್ಳದೆ ಹಿಂತಿರುಗಿ ಹೋಗಿ ಸಡಿಲಿಸಿಕೊಳ್ಳಿ. ಅತಿಯಾದ ಎಳೆತದಿಂದ ಉಗುರು ಸೀಳುವುದೂ, ಕೆಳಗಿನ ಮಾಂಸದ ಹಾಸಿನಿಂದ ಬಿಟ್ಟುಕೊಳ್ಳುವುದೂ ಉಂಟು.

ಎಷ್ಟು ಕಾಲ ಹಾಕಿಕೊಂಡಿರಬೇಕು?

ಇಲ್ಲಿಯೇ ಹೆಚ್ಚಿನವರ ತಾಳ್ಮೆ ಕೆಡುವುದು. ನೋವು ಹಲವರಿಗೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಇಳಿದ ಕೂಡಲೇ ಚಿಕಿತ್ಸೆ ಮುಗಿಯಿತೆಂದು ಅವರು ಮುಂದಿನ ಭೇಟಿಯನ್ನು ತಪ್ಪಿಸುತ್ತಾರೆ. ಆದರೆ ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಬ್ರೇಸ್ ಉಗುರಿನೊಂದಿಗೇ ಮುಂದಕ್ಕೆ ಸರಿಯುವುದರಿಂದ ಸಾಮಾನ್ಯವಾಗಿ 4ರಿಂದ 8 ವಾರಗಳಿಗೊಮ್ಮೆ ಅದನ್ನು ತೆಗೆದು ಹಿಂದಕ್ಕೆ ಕೂರಿಸಬೇಕಾಗುತ್ತದೆ. ಒಟ್ಟು ಆರು ತಿಂಗಳಿಂದ ಒಂದು ವರ್ಷ, ದಪ್ಪ ಉಗುರಿಗೆ ಇನ್ನೂ ಹೆಚ್ಚು ಕಾಲ ಎಂದು ಮನಸ್ಸಿನಲ್ಲಿಟ್ಟುಕೊಂಡೇ ಆರಂಭಿಸುವುದು ಒಳ್ಳೆಯದು. ಖರ್ಚನ್ನು ವಿಚಾರಿಸುವಾಗಲೂ ಒಂದು ಸಲದ ದರವನ್ನಷ್ಟೇ ಕೇಳದೆ, ಮರುಜೋಡಣೆಗಳೆಲ್ಲ ಸೇರಿ ಎಷ್ಟಾಗಬಹುದು ಎಂದು ಮೊದಲೇ ಕೇಳಿಕೊಳ್ಳಿ.

ತೆಗೆದ ಮೇಲೆ ಮತ್ತೆ ಬಾಗುತ್ತದೆಯೇ?

ಬಾಗಬಹುದು, ಇದನ್ನು ಮುಚ್ಚಿಡುವುದು ಸರಿಯಲ್ಲ. ಬ್ರೇಸ್ ಉಗುರಿನ ತಟ್ಟೆಯನ್ನು ಬಿಡಿಸುತ್ತದೆಯೇ ಹೊರತು ಅದು ಹುಟ್ಟುವ ಬುಡವನ್ನೋ ಕೆಳಗಿನ ಮೂಳೆಯನ್ನೋ ಬದಲಿಸುವುದಿಲ್ಲ. ಮನೆತನದಿಂದ ಬಂದ ಬಾಗು ಇರುವವರಿಗೆ, ಹಳೆಯ ಇಕ್ಕಟ್ಟಿನ ಶೂಗಳಿಗೇ ಮರಳುವವರಿಗೆ ಮರುಕಳಿಸುವ ಸಂಭವ ಹೆಚ್ಚು. ಅಂಥವರಲ್ಲಿ ಕೆಲವರು ನೋವು ಕಾಣಿಸಿಕೊಂಡಾಗ ಮತ್ತೆ ಕೆಲವು ತಿಂಗಳು ಹಾಕಿಸಿಕೊಳ್ಳುತ್ತಾರೆ. ಶಾಶ್ವತ ಪರಿಹಾರ ಎಂಬ ಜಾಹೀರಾತನ್ನು ಕಂಡರೆ, ಆ ಮಾತನ್ನು ಯಾವ ಆಧಾರದ ಮೇಲೆ ಹೇಳುತ್ತಿದ್ದಾರೆ ಎಂದು ಕೇಳಲು ಹಿಂಜರಿಯಬೇಡಿ.

ಬ್ರೇಸ್ ಇಲ್ಲದೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಕೀವು ಇಲ್ಲದ, ಸಕ್ಕರೆ ಕಾಯಿಲೆ ಇಲ್ಲದ, ಪಾದಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿರುವ ವ್ಯಕ್ತಿಗೆ ಇದೆ. ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಒರೆಸಿ, ಉಗುರು ಮೆತ್ತಗಿರುವಾಗಲೇ ಶುಭ್ರವಾದ ಹತ್ತಿಯ ಒಂದೆರಡು ಎಳೆಯನ್ನು ಬತ್ತಿಯಂತೆ ಹೊಸೆದು ಅಂಚಿನ ಕೆಳಗೆ ಮೆಲ್ಲಗೆ ಇಡಬೇಕು. ಅದನ್ನು ದಿನವೂ ಬದಲಿಸಬೇಕು. ಪ್ಲಾಸ್ಟರ್ ಪಟ್ಟಿಯ ವಿಧಾನ ಇನ್ನೂ ಸರಳ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಪ್ರಯತ್ನಿಸಬೇಕಾದದ್ದೂ ಅದೇ. ಹಿಗ್ಗುವ ಗುಣದ ಪಟ್ಟಿಯ ಒಂದು ತುದಿಯನ್ನು ಉಗುರಿನ ಅಂಚಿಗೆ ತಾಗಿದ ಮಾಂಸದ ಮೇಲೆ ಅಂಟಿಸಿ, ಆ ಮಾಂಸ ಉಗುರಿನಿಂದ ದೂರ ಸರಿಯುವಂತೆ ಎಳೆದು, ಬೆರಳಿನ ತಳದಿಂದ ಓರೆಯಾಗಿ ಸುತ್ತಿ ತರಬೇಕು. ಬೆರಳನ್ನು ಪೂರ್ತಿ ಉಂಗುರದಂತೆ ಬಿಗಿಯಬಾರದು, ತುದಿ ನೀಲಿಗಟ್ಟಿದರೆ ತಕ್ಷಣ ಬಿಚ್ಚಬೇಕು. ದಪ್ಪ ಉಗುರನ್ನು ಮೆತ್ತಗೆ ಮಾಡಲು ಶೇಕಡಾ 40ರ ಯೂರಿಯಾ ಮುಲಾಮನ್ನು ವೈದ್ಯರು ಬರೆದುಕೊಡುವುದುಂಟು.

ಇದಕ್ಕಿಂತ ಮುಂದಿನದು ಆಸ್ಪತ್ರೆಯ ಕೆಲಸ. ಡ್ರಿಪ್ ಹಾಕುವ ಪ್ಲಾಸ್ಟಿಕ್ ನಳಿಕೆಯ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಮಾಂಸದಲ್ಲಿ ಹೂತ ಅಂಚಿಗೆ ಒರೆಯಂತೆ ತೊಡಿಸುವ ವಿಧಾನವನ್ನು ವೈದ್ಯರು ಬೆರಳನ್ನು ಮರಗಟ್ಟಿಸಿ ಮಾಡುತ್ತಾರೆ. ಅಗ್ಗದ ಸಾಮಾನಿನಿಂದ ಆಗುವ, ಸಣ್ಣ ಊರಿನ ಆಸ್ಪತ್ರೆಯಲ್ಲೂ ಮಾಡಬಹುದಾದ ಒಳ್ಳೆಯ ಉಪಾಯ ಇದು. ಬ್ರೇಸ್ ಸಿಗದ ಕಡೆ ಇದರ ಬಗ್ಗೆ ಕೇಳಿ ನೋಡಿ. ಅಂತರ್ಜಾಲದಲ್ಲಿ ಮಾರುವ ಕೊಕ್ಕೆಯ ಸಾಧನಗಳನ್ನು ಮಾತ್ರ ನೀವೇ ಹಾಕಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎಷ್ಟು ಬಲದಿಂದ ಎಳೆಯಬೇಕು ಎಂಬ ಅಳತೆ ಅವುಗಳೊಂದಿಗೆ ಬರುವುದಿಲ್ಲ.

ಅರಿಶಿನ, ಸುಣ್ಣ ಬೆಲ್ಲ, ನಿಂಬೆಹಣ್ಣು ಇವುಗಳಿಂದ ಪ್ರಯೋಜನವಿದೆಯೇ?

ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರುವುದನ್ನು ನೋಡದ ಮನೆ ನಮ್ಮಲ್ಲಿ ವಿರಳ. ಇವು ಯಾವುವೂ ಉಗುರಿನ ಬಾಗನ್ನು ಬಿಡಿಸಲಾರವು. ಕೊಬ್ಬರಿ ಎಣ್ಣೆ ಒಣಗಿದ ಚರ್ಮವನ್ನು ಮೆದುಗೊಳಿಸುತ್ತದೆ, ಗಾಯವಿಲ್ಲದಿದ್ದರೆ ತೊಂದರೆಯಿಲ್ಲ. ಆದರೆ ಸುಣ್ಣ ಕ್ಷಾರ. ಗಾಯದ ಮೇಲೆ ಹಚ್ಚಿದರೆ ಮಾಂಸವನ್ನು ಸುಡುತ್ತದೆ. ಸ್ಪರ್ಶಜ್ಞಾನ ಕಡಿಮೆಯಾದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ.

ಕೀವಾದಾಗ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಂಡರೆ ಸಾಕಲ್ಲವೇ?

ಕಾಲಿಗೆ ಮುಳ್ಳು ಚುಚ್ಚಿರುವಾಗ ಮುಳ್ಳನ್ನು ಬಿಟ್ಟು ಮಾತ್ರೆ ನುಂಗಿದಂತೆ ಅದು. ಚುಚ್ಚುತ್ತಿರುವ ಅಂಚನ್ನು ಎತ್ತಿದರೆ ಅಥವಾ ತೆಗೆದರೆ ಬಾವು ತಾನಾಗಿಯೇ ಇಳಿಯುವುದು ಹೆಚ್ಚು. ಸೋಂಕು ಸುತ್ತಲಿನ ಚರ್ಮಕ್ಕೆ ಹರಡಿದ್ದರೆ ಮಾತ್ರ ವೈದ್ಯರು ಮಾತ್ರೆ ಬರೆಯುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಎರಡು ದಿನದ ಮಾತ್ರೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬೆರಳಿನ ಕೆಂಪು ಪಾದಕ್ಕೆ ಏರುತ್ತಿದ್ದರೆ, ಜ್ವರ ಬಂದರೆ, ದುರ್ವಾಸನೆಯಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ಯುವಜನರಲ್ಲಿ ಉಗುರಿನ ಪಕ್ಕ ಕೆಂಪು ಮಾಂಸ ಬೆಳೆದು ರಕ್ತ ಒಸರುವುದುಂಟು. ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಸಕ್ಕರೆ ಕಾಯಿಲೆ ಇರುವವರು ಏನು ಮಾಡಬೇಕು?

ಮೇಲೆ ಹೇಳಿದ ಮನೆಯ ಪ್ರಯತ್ನಗಳಲ್ಲಿ ಒಂದನ್ನೂ ಮಾಡಬಾರದು, ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂದವಾಗುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಉಗುರು ಮಾಂಸದಲ್ಲಿ ಹೂತು ವಾರವಾದರೂ ನೋವೇ ಇಲ್ಲದೆ, ಕಾಲುಚೀಲದ ಮೇಲಿನ ಕಲೆಯಿಂದಲೇ ಮೊದಲು ಗೊತ್ತಾಗುವ ಸಂದರ್ಭಗಳಿವೆ. ನೀರಿನ ಬಿಸಿಯೂ ಪಾದಕ್ಕೆ ತಿಳಿಯದೆ ಬೊಬ್ಬೆ ಬರಬಹುದು. ವೈದ್ಯರು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶವನ್ನು ಪರೀಕ್ಷಿಸುತ್ತಾರೆ, ಪಾದದ ನಾಡಿಯನ್ನು ನೋಡುತ್ತಾರೆ. ಅವೆರಡೂ ಸರಿಯಾಗಿದ್ದು ಸಕ್ಕರೆ ಹತೋಟಿಯಲ್ಲಿದ್ದರೆ ಬ್ರೇಸ್ ಹಾಕಲು ಅಡ್ಡಿಯಿಲ್ಲ. ಗಾಯ ಮಾಡದ ಚಿಕಿತ್ಸೆಯಾದ್ದರಿಂದ ಇಂಥವರಿಗೆ ಅದರ ಉಪಯೋಗ ಹೆಚ್ಚೆಂದೇ ಹೇಳಬೇಕು. ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಕರ್ನಾಟಕ ಎಂಡೊಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಮಧುಮೇಹಿಗಳ ಪಾದಕ್ಕಾಗಿಯೇ ಪೋಡಿಯಾಟ್ರಿ, ಅಂದರೆ ಪಾದಚಿಕಿತ್ಸೆಯ, ವಿಭಾಗವಿದೆ.

ಯಾರಿಗೆ ಬ್ರೇಸ್ ಸಲ್ಲದು?

ನಿಕ್ಕಲ್ ಅಲರ್ಜಿ ಇರುವವರಿಗೆ ನಿಕ್ಕಲ್ ಇರುವ ತಂತಿ ಸಲ್ಲದು. ಬಳೆ, ಓಲೆ, ಬೆಲ್ಟಿನ ಬಕಲ್ ತಾಗಿದಲ್ಲಿ ತುರಿಕೆ ಬರುವ ಅನುಭವವಿದ್ದರೆ ಮೊದಲೇ ಹೇಳಿ. ಫಂಗಸ್ಸಿನಿಂದ ಪುಡಿಪುಡಿಯಾದ ಉಗುರು ತಂತಿಯನ್ನು ಹಿಡಿಯಲಾರದು, ಮೊದಲು ಅದಕ್ಕೆ ಔಷಧಿಯಾಗಬೇಕು. ಉಗುರಿನ ಕೆಳಗೆ ಮೂಳೆಯ ಗಂಟಿದ್ದರೆ ಅದನ್ನು ತೆಗೆಯದೆ ಉಗುರನ್ನು ಬಿಡಿಸಿ ಫಲವಿಲ್ಲ. ಉಗುರಿನ ಉದ್ದಕ್ಕೂ ಕಪ್ಪು ಗೆರೆಯೊಂದು ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ, ವಿಶೇಷವಾಗಿ ಕಪ್ಪು ಬಣ್ಣ ಬುಡದ ಚರ್ಮಕ್ಕೂ ಹರಡಿದ್ದರೆ, ಬ್ರೇಸಿನ ಮಾತನ್ನು ಬಿಟ್ಟು ಮೊದಲು ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅದು ಮೆಲನೋಮಾ ಎಂಬ ಕ್ಯಾನ್ಸರಿನ ಗುರುತಾಗಿರಬಹುದು.

ಗರ್ಭಿಣಿಯರು, ಮಕ್ಕಳು?

ಮರಗಟ್ಟಿಸುವ ಔಷಧಿಯಾಗಲಿ ಮಾತ್ರೆಯಾಗಲಿ ಬೇಡದ ಕಾರಣ ಗರ್ಭಿಣಿಯರಿಗೆ ಬ್ರೇಸ್ ಅನುಕೂಲದ ಚಿಕಿತ್ಸೆ. ಎಳೆಯ ಕೂಸುಗಳ ಉಗುರು ಬಾಗಿದಂತೆ ಕಂಡರೂ ಹೆಚ್ಚಿನವು ಬೆಳೆಯುತ್ತ ತಾವಾಗಿಯೇ ಸರಿಹೋಗುತ್ತವೆ.

ಹಾಗಾದರೆ ಶಸ್ತ್ರಚಿಕಿತ್ಸೆ ಬೇಡವೇ ಬೇಡವೇ?

ಹಾಗೆ ಹೇಳಲಾರೆ. ಪದೇ ಪದೇ ಕೀವಾಗುವ, ಪಕ್ಕದ ಮಾಂಸ ದಪ್ಪವಾಗಿ ಉಗುರನ್ನು ಮುಚ್ಚಿದ, ತಿಂಗಳುಗಟ್ಟಲೆ ಬ್ರೇಸ್ ಹಾಕಿದರೂ ನೋವು ಇಳಿಯದ ಬೆರಳಿಗೆ, ಅಂಚಿನ ಸಣ್ಣ ಪಟ್ಟಿಯನ್ನಷ್ಟೇ ತೆಗೆದು ಅದರ ಬುಡವನ್ನು ಫಿನಾಲ್ ಎಂಬ ರಾಸಾಯನಿಕದ ದ್ರಾವಣದಿಂದ ಸುಡುವ ಚಿಕಿತ್ಸೆ ಒಳ್ಳೆಯದು, ಅದರಲ್ಲಿ ಮರುಕಳಿಸುವುದೂ ಕಡಿಮೆ. ನಾನು ಬೇಡವೆನ್ನುವುದು ಬುಡಕ್ಕೆ ಏನೂ ಮಾಡದೆ ಇಡೀ ಉಗುರನ್ನು ಕಿತ್ತುಬಿಡುವುದನ್ನು. ಉಗುರಿಲ್ಲದ ತಿಂಗಳುಗಳಲ್ಲಿ ಬೆರಳಿನ ತುದಿಯ ಮಾಂಸ ಮೇಲಕ್ಕೆ ಉಬ್ಬಿ ಗೋಡೆಯಂತೆ ನಿಲ್ಲುತ್ತದೆ, ಹೊಸ ಉಗುರು ಬಂದು ಅದಕ್ಕೇ ಡಿಕ್ಕಿ ಹೊಡೆಯುತ್ತದೆ, ಬಾಗು ಹಾಗೆಯೇ ಮರಳುತ್ತದೆ. ಕಿತ್ತುಹಾಕೋಣ ಎಂದು ಯಾರಾದರೂ ಹೇಳಿದರೆ, ಪೂರ್ತಿಯೋ ಅಂಚನ್ನಷ್ಟೇಯೋ, ಬುಡಕ್ಕೆ ಏನು ಮಾಡುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿ.

ಯಾವ ವೈದ್ಯರನ್ನು ನೋಡಬೇಕು?

ನಮ್ಮಲ್ಲಿ ಪಾದಕ್ಕೆಂದೇ ಇರುವ ತಜ್ಞರು ಕಡಿಮೆ. ಚರ್ಮರೋಗ ತಜ್ಞರೇ ಉಗುರಿನ ವೈದ್ಯರೂ ಹೌದು, ಅವರಿಂದ ಆರಂಭಿಸಿ. ಹೋಗುವ ಮೊದಲು ಫೋನನ್ನು ನೆಲಕ್ಕೆ ತಾಗಿಸಿಟ್ಟು, ಬೆರಳಿನ ತುದಿಯನ್ನು ಎದುರಿನಿಂದ ತೆಗೆದ ಒಂದು ಫೋಟೋ ಇಟ್ಟುಕೊಳ್ಳಿ. ಬಾಗು ಮೇಲಿನಿಂದ ಕಾಣುವುದಕ್ಕಿಂತ ಎದುರಿನಿಂದಲೇ ಸ್ಪಷ್ಟವಾಗಿ ಕಾಣುತ್ತದೆ, ತಿಂಗಳಿಗೊಮ್ಮೆ ಅದೇ ಕೋನದಲ್ಲಿ ತೆಗೆದರೆ ಸುಧಾರಣೆ ನಿಮಗೇ ಗೊತ್ತಾಗುತ್ತದೆ.

ಬ್ರೇಸ್ ಹಾಕಿಕೊಂಡು ಗದ್ದೆ ಕೆಲಸ, ಆಟ, ಸ್ನಾನ ಮಾಡಬಹುದೇ?

ಅಂಟಿಸುವ ಪಟ್ಟಿಯಾದರೆ ಮೊದಲ ದಿನ ನೀರು ತಾಗಿಸಬೇಡಿ. ಆಮೇಲೆ ಸ್ನಾನ, ಓಟ, ಈಜು ಎಲ್ಲವೂ ಆಗುತ್ತದೆ. ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಮಾಡುವವರಿಗೆ ಅಂಟು ನಿಲ್ಲುವುದು ಕಷ್ಟ, ಕೊಕ್ಕೆಯ ತಂತಿ ಲೇಸು. ಆ ದಿನಗಳು ಮುಗಿದ ಮೇಲೆ ಆರಂಭಿಸಿದರೆ ಇನ್ನೂ ಲೇಸು. ಎಂಆರ್‌ಐ ಮಾಡಿಸುವಾಗ ಬೆರಳಿನಲ್ಲಿ ಲೋಹವಿದೆ ಎಂದು ಹೇಳಲು ಮರೆಯಬಾರದು.

ಶೂ ಯಾವ ತರಹದ್ದಿರಬೇಕು, ಉಗುರನ್ನು ಹೇಗೆ ಕತ್ತರಿಸಬೇಕು?

ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯುವ, ಬೆರಳುಗಳನ್ನು ಒಳಗೆ ಅಲುಗಾಡಿಸಲು ಬರುವ ಶೂ ಸರಿ. ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳುವುದು ಒಳ್ಳೆಯದು. ಕಾರ್ಖಾನೆಯ ಉಕ್ಕಿನ ಮೂತಿಯ ಶೂ ಹಾಕುವವರು ಅಗಲದ ಅಳತೆಯನ್ನು ಕೇಳಿ ಪಡೆಯಬೇಕು. ಮಕ್ಕಳ ಶಾಲೆಯ ಶೂಗಳನ್ನು ವರ್ಷದ ಆರಂಭದಲ್ಲಿ ಕೊಂಡು ಮರೆತುಬಿಡದೆ ಆಗಾಗ ಬೆರಳು ಒತ್ತಿ ನೋಡಬೇಕು, ಏಕೆಂದರೆ ಬಿಗಿಯಾದದ್ದನ್ನು ಅವರು ಹೇಳುವುದಿಲ್ಲ.

ಉಗುರನ್ನು ನೇರವಾಗಿ, ಬೆರಳಿನ ತುದಿಯ ಮಟ್ಟಕ್ಕೆ ಕತ್ತರಿಸಬೇಕು. ಎರಡು ಮೂಲೆಗಳೂ ಚರ್ಮದ ಹೊರಗೆ ಕಣ್ಣಿಗೆ ಕಾಣುವಂತಿರಬೇಕು. ಅವುಗಳ ಮೊನೆ ಕಾಲುಚೀಲಕ್ಕೆ ಸಿಕ್ಕುತ್ತಿದ್ದರೆ ಅರದಿಂದ ಸ್ವಲ್ಪ ಉಜ್ಜಿದರೆ ಸಾಕು. ಕೈಬೆರಳಿಗೆ ಒಪ್ಪುವ ಬಾಗಿದ ಬಾಯಿಯ ಸಣ್ಣ ಕಟರ್ ಹೆಬ್ಬೆರಳಿನ ದಪ್ಪ ಉಗುರಿಗೆ ಒಪ್ಪುವುದಿಲ್ಲ, ನೇರ ಬಾಯಿಯ ದೊಡ್ಡದನ್ನು ಇಟ್ಟುಕೊಳ್ಳಿ, ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಬಳಸಿ. ಬಗ್ಗಲಾಗದ, ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿನಲ್ಲಿ ನೀವೇ ಕತ್ತರಿಸಿಕೊಡಿ, ಬೆರಳುಗಳ ಸಂದುಗಳನ್ನೂ ಅಂಗಾಲನ್ನೂ ಅದೇ ಹೊತ್ತಿಗೆ ನೋಡಿಬಿಡಿ.